ಕ್ಯೂಬ್‌ಸಿಟಿಎಲ್ ಇನ್‌ಸ್ಟಾಲ್ ಆಯ್ತು, ಕ್ಲಸ್ಟರ್ ಯಾಕೆ ಸಿಗ್ತಿಲ್ಲ?

ಕುಬರ್ನೆಟಿಸ್ ಅಂದರೆ ಹಲವು ಮಷೀನುಗಳ ಗುಂಪಿನ, ಅಂದರೆ ಕ್ಲಸ್ಟರಿನ, ಮೇಲೆ ಆಪ್‌ಗಳನ್ನು ಓಡಿಸುವ ವ್ಯವಸ್ಥೆ. ಅದಕ್ಕೆ ಟರ್ಮಿನಲ್‌ನಿಂದ ಆದೇಶ ಕೊಡುವ ಸಾಧನವೇ ಕ್ಯೂಬ್‌ಸಿಟಿಎಲ್. ಅದನ್ನು ಇನ್‌ಸ್ಟಾಲ್ ಮಾಡಿ ಮೊದಲ ಕಮಾಂಡ್ ಕೊಟ್ಟ ಕೂಡಲೇ ತುಂಬಾ ಜನರಿಗೆ ಒಂದೇ ಎರರ್ ಎದುರಾಗುತ್ತದೆ: ಲೋಕಲ್‌ಹೋಸ್ಟ್ 8080ಕ್ಕೆ ಕನೆಕ್ಷನ್ ಸಿಗಲಿಲ್ಲ. ಕ್ಲಸ್ಟರೇ ಬಿದ್ದುಹೋಗಿದೆ ಅಂದುಕೊಂಡು ಫೈರ್‌ವಾಲ್ ತಡಕಾಡುತ್ತಾರೆ, ವಿಪಿಎನ್ ಆಫ್ ಮಾಡಿ ಆನ್ ಮಾಡುತ್ತಾರೆ. ಆದರೆ ಆ ಕಮಾಂಡ್ ಕ್ಲೌಡ್‌ವರೆಗೆ ಹೋಗಿಯೇ ಇರುವುದಿಲ್ಲ. ಯಾವ ಕ್ಲಸ್ಟರಿಗೆ ಹೋಗಬೇಕು ಅಂತ ಯಾರೂ ಹೇಳಿಲ್ಲದಿದ್ದರೆ ಕ್ಯೂಬ್‌ಸಿಟಿಎಲ್ ನಿಮ್ಮದೇ ಲ್ಯಾಪ್‌ಟಾಪಿನ 8080ನೇ ಪೋರ್ಟಿನ ಬಾಗಿಲು ತಟ್ಟುತ್ತದೆ. ಅಲ್ಲಿ ಯಾರೂ ಇಲ್ಲ, ಅಷ್ಟೇ. ಕಮಾಂಡಿನ ಮುಂದೆ ಸುಮ್ನೆ ಅಭ್ಯಾಸಬಲದಿಂದ ಸುಡೊ (ಕಮಾಂಡನ್ನು ರೂಟ್, ಅಂದರೆ ಅಡ್ಮಿನ್ ಯೂಸರ್ ಆಗಿ ಓಡಿಸುವ ಪದ) ಹಾಕಿದರೂ ಇದೇ ಎರರ್ ಬರಬಹುದು. ಆಗ ಅದು ರೂಟ್ ಯೂಸರಿನ ಫೋಲ್ಡರಿನಲ್ಲಿ ಹುಡುಕುತ್ತದೆ, ನಿಮ್ಮದರಲ್ಲಿ ಅಲ್ಲ.

ಹುಡುಕುವುದು ಏನನ್ನು? ನಿಮ್ಮ ಹೋಮ್ ಫೋಲ್ಡರಿನೊಳಗೆ ಡಾಟ್ ಕ್ಯೂಬ್ ಎಂಬ ಮರೆಯಲ್ಲಿರುವ ಫೋಲ್ಡರ್ ಇದೆ. ಅದರಲ್ಲಿ ಕಾನ್ಫಿಗ್ ಎಂಬ ಫೈಲ್. ಕ್ಲಸ್ಟರಿನ ವಿಳಾಸ ಒಂದು ಕಡೆ, ಯೂಸರ್ ವಿವರ ಇನ್ನೊಂದು ಕಡೆ, ಇವೆರಡನ್ನೂ ಜೋಡಿಸುವ ಕಾಂಟೆಕ್ಸ್ಟ್ ಮತ್ತೊಂದು ಕಡೆ ಬರೆದಿರುತ್ತದೆ. ಇದನ್ನು ಕೈಯಿಂದ ಬರೆಯುವ ಅಗತ್ಯ ಇಲ್ಲ. ಗೂಗಲ್ ಕ್ಲೌಡ್ ಮತ್ತು ಮೈಕ್ರೋಸಾಫ್ಟಿನ ಅಝೂರ್‌ನಲ್ಲಿ ಗೆಟ್-ಕ್ರೆಡೆನ್ಷಿಯಲ್ಸ್ ಕಮಾಂಡ್, ಅಮೆಜಾನಿನ ಎಡಬ್ಲ್ಯೂಎಸ್‌ನಲ್ಲಿ ಅಪ್‌ಡೇಟ್-ಕ್ಯೂಬ್‌ಕಾನ್ಫಿಗ್ ಕಮಾಂಡ್ ಈ ಫೈಲನ್ನು ತುಂಬಿಕೊಡುತ್ತವೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಈ ಕಮಾಂಡ್‌ಗಳು ಹೊಸ ಕ್ಲಸ್ಟರಿನ ವಿವರ ಸೇರಿಸುವುದರ ಜೊತೆಗೆ, ಆ ಕ್ಲಸ್ಟರನ್ನೇ ಸದ್ಯದ ಕಾಂಟೆಕ್ಸ್ಟ್ ಮಾಡಿಬಿಡುತ್ತವೆ. ಬೆಳಗ್ಗೆಯಿಂದ ಟೆಸ್ಟ್ ಕ್ಲಸ್ಟರಿನಲ್ಲಿ ಕೆಲಸ ಮಾಡುತ್ತಿದ್ದೀರಿ. ಮಧ್ಯದಲ್ಲಿ ಯಾರೋ ಕೇಳಿದರು ಅಂತ ಪ್ರೊಡಕ್ಷನ್ (ನಿಜವಾದ ಬಳಕೆದಾರರು ಬಳಸುವ) ಕ್ಲಸ್ಟರಿನ ಕ್ರೆಡೆನ್ಷಿಯಲ್ಸ್ ತಂದು ಒಂದು ಲಾಗ್ ನೋಡಿದಿರಿ. ಮತ್ತೆ ನಿಮ್ಮ ಕೆಲಸಕ್ಕೆ ವಾಪಸ್ ಬಂದು, ಟೆಸ್ಟ್ ಡಿಪ್ಲಾಯ್‌ಮೆಂಟ್ (ಕ್ಲಸ್ಟರಿನಲ್ಲಿ ಓಡಿಸಲು ಹಾಕಿದ ಆಪ್) ಅಳಿಸಲು ಡಿಲೀಟ್ ಕೊಟ್ಟಿರಿ. ಅದು ಹೋಗುವುದು ಪ್ರೊಡಕ್ಷನ್‌ಗೆ! ಬೇರೆ ಟರ್ಮಿನಲ್ ವಿಂಡೋದಲ್ಲಿ ಇದ್ದೀನಿ ಅನ್ನುವ ಧೈರ್ಯವೂ ಬೇಡ. ಎಲ್ಲಾ ವಿಂಡೋಗಳೂ ಓದುವುದು ಅದೇ ಒಂದು ಫೈಲನ್ನು. ಒಂದು ಕಡೆ ಕಾಂಟೆಕ್ಸ್ಟ್ ಬದಲಾದರೆ ಎಲ್ಲಾ ಕಡೆಯೂ ಬದಲಾಯಿತು.

ಅದಕ್ಕೇ ಹೊಸಬರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು: ಪ್ರತಿ ಕ್ಲಸ್ಟರಿಗೂ ಬೇರೆ ಬೇರೆ ಫೈಲ್ ಇಟ್ಟುಕೊಳ್ಳಿ. ಕ್ಯೂಬ್‌ಕಾನ್ಫಿಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಆ ಫೈಲಿನ ದಾರಿ ಕೊಟ್ಟರೆ, ಅದು ಆ ಟರ್ಮಿನಲ್ಲಿಗೆ ಮಾತ್ರ ಅನ್ವಯಿಸುತ್ತದೆ. ಪ್ರೊಡಕ್ಷನ್ ಫೈಲನ್ನು ಬೇಕಾದಾಗ ಮಾತ್ರ ಎತ್ತಿಕೊಳ್ಳಿ. ಪ್ರಾಂಪ್ಟ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಸಾಲಿನಲ್ಲಿ) ಕಾಂಟೆಕ್ಸ್ಟ್ ಹೆಸರು ಕಾಣುವ ಹಾಗೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಇದಕ್ಕೆ ಹತ್ತು ನಿಮಿಷ ಸಾಕು. ಆದರೂ ಇನ್‌ಸ್ಟಾಲ್ ಗೈಡ್‌ಗಳಲ್ಲಿ ಇದರ ಸುದ್ದಿ ಕಾಣುವುದು ಕಡಿಮೆ, ನನಗೆ ಬೇಸರ ಆಗುವುದೇ ಅದಕ್ಕೆ.

ಇನ್ನು ಲಾಗಿನ್ ವಿಷಯ. ಕ್ಯೂಬ್‌ಸಿಟಿಎಲ್‌ಗೆ ನಿಮ್ಮ ಕ್ಲೌಡ್ ಖಾತೆಯ ಪರಿಚಯ ಇಲ್ಲ. ಮೊದಲು ಗೂಗಲ್ ಮತ್ತು ಅಝೂರ್ ಲಾಗಿನ್‌ನ ಕೋಡ್ ಅದರೊಳಗೇ ಇತ್ತು. 2022ರ ಡಿಸೆಂಬರ್‌ನಲ್ಲಿ ಬಂದ ಕುಬರ್ನೆಟಿಸ್ 1.26ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಗೂಗಲ್‌ಗೆ ಒಂದು ಆಥ್ ಪ್ಲಗಿನ್, ಅಝೂರ್‌ನ ಎಂಟ್ರಾ (ಮೈಕ್ರೋಸಾಫ್ಟಿನ ಗುರುತು ಪರಿಶೀಲಿಸುವ ಸೇವೆ) ಲಾಗಿನ್‌ಗೆ ಕ್ಯೂಬ್‌ಲಾಗಿನ್ ಬೇರೆಯಾಗಿಯೇ ಹಾಕಿಕೊಳ್ಳಬೇಕು. ಎಡಬ್ಲ್ಯೂಎಸ್‌ನಲ್ಲಿ ಅದರ ಸ್ವಂತ ಸಿಎಲ್‌ಐ (ಟರ್ಮಿನಲ್‌ನಿಂದ ಬಳಸುವ ಸಾಧನ) ಹಿಂದೆ ನಿಂತು ಟೋಕನ್, ಅಂದರೆ ತಾತ್ಕಾಲಿಕ ಗುರುತಿನ ಚೀಟಿ, ತಂದುಕೊಡುತ್ತದೆ. ಆ ಟೋಕನ್‌ನ ಆಯುಸ್ಸು 15 ನಿಮಿಷ, ಮುಗಿದ ಮೇಲೆ ಹೊಸದು ತಾನಾಗಿಯೇ ಬರುತ್ತದೆ. ಹಾಗಾಗಿ ಸಿಎಲ್‌ಐ ಬೇರೆ ಪ್ರೊಫೈಲ್‌ನಲ್ಲಿದ್ದರೆ (ಅಂದರೆ ಬೇರೆ ಲಾಗಿನ್ ವಿವರ ಬಳಸುತ್ತಿದ್ದರೆ), ಕ್ಯೂಬ್‌ಸಿಟಿಎಲ್ ಸರಿಯಾದ ಕ್ಲಸ್ಟರಿಗೇ ಹೋಗಿರುತ್ತದೆ, ಆದರೆ ತಪ್ಪು ಗುರುತು ಹಿಡಿದುಕೊಂಡು. ಮೊದಲು ಆ ಸಿಎಲ್‌ಐನಲ್ಲಿ ಎಸ್‌ಟಿಎಸ್ ಗೆಟ್-ಕಾಲರ್-ಐಡೆಂಟಿಟಿ ಎಂಬ ಕಮಾಂಡ್ ಕೊಟ್ಟು, ಕ್ಲೌಡ್ ನಿಮ್ಮನ್ನು ಯಾರು ಅಂದುಕೊಂಡಿದೆ ಅಂತ ನೋಡಿಕೊಳ್ಳಿ.

ಎರರ್ ಬಂದಾಗ ಅದರಲ್ಲಿ ಅನ್‌ಆಥರೈಸ್ಡ್ ಇದೆಯಾ, ಫಾರ್ಬಿಡನ್ ಇದೆಯಾ ಅಂತ ಗಮನವಿಟ್ಟು ಓದಿ. ಅನ್‌ಆಥರೈಸ್ಡ್ ಅಂದರೆ ಕ್ಲಸ್ಟರಿಗೆ ನೀವು ಯಾರು ಅಂತಲೇ ಗೊತ್ತಾಗಿಲ್ಲ. ಲಾಗಿನ್, ಪ್ರೊಫೈಲ್, ಪ್ಲಗಿನ್ ನೋಡಬೇಕು. ಫಾರ್ಬಿಡನ್ ಅಂದರೆ ನೀವು ಯಾರು ಅಂತ ಗೊತ್ತು, ಆದರೆ ಆ ಕೆಲಸಕ್ಕೆ ಅನುಮತಿ ಇಲ್ಲ. ಅದಕ್ಕೆ ಕ್ಲಸ್ಟರ್ ನೋಡಿಕೊಳ್ಳುವವರನ್ನೇ ಕೇಳಬೇಕು, ನೀವು ಎಷ್ಟು ಸಲ ಲಾಗಿನ್ ಆದರೂ ಪ್ರಯೋಜನ ಇಲ್ಲ. ಕ್ಲೌಡ್ ಖಾತೆಯಲ್ಲಿ ಅಡ್ಮಿನ್ ಆದವರಿಗೂ ಎಡಬ್ಲ್ಯೂಎಸ್ ಕ್ಲಸ್ಟರಿನೊಳಗೆ ಪ್ರವೇಶ ಸಿಗದೇ ಇರಬಹುದು, ಅಲ್ಲಿನ ಅನುಮತಿ ಬೇರೆಯಾಗಿಯೇ ಕೊಡಬೇಕಾದದ್ದು. ಏನು ಮಾಡಬಹುದು, ಏನು ಮಾಡಬಾರದು ಅಂತ ತಿಳಿಯಲು ಕ್ಯೂಬ್‌ಸಿಟಿಎಲ್‌ನಲ್ಲೇ ಆಥ್ ಕ್ಯಾನ್-ಐ ಎಂಬ ಕಮಾಂಡ್ ಇದೆ. ಡಿಲೀಟ್ ಮಾಡುವ ಮೊದಲು ಅದನ್ನು ಒಮ್ಮೆ ಕೇಳಿ ನೋಡುವುದರಲ್ಲಿ ನಷ್ಟ ಏನಿಲ್ಲ, ಅಲ್ವಾ?

ವರ್ಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲಸ್ಟರ್ 1.30 ಆದರೆ ಕ್ಯೂಬ್‌ಸಿಟಿಎಲ್ 1.29, 1.30 ಅಥವಾ 1.31 ಇರಬೇಕು, ಅದರಾಚೆಗೆ ಬೆಂಬಲ ಇಲ್ಲ. ಅಪ್‌ಡೇಟ್ ಮಾಡಿದ ಮೇಲೂ ಹಳೆಯ ವರ್ಷನ್ನೇ ಕಾಣಿಸಿದರೆ, ಮಷೀನಿನಲ್ಲಿ ಎರಡು ಪ್ರತಿ ಇರಬಹುದು ಅಂತ ಅನುಮಾನಪಡಿ. ಕಂಟೇನರ್‌ಗಳನ್ನು ಓಡಿಸುವ ಡಾಕರ್ ಡೆಸ್ಕ್‌ಟಾಪ್ ತನ್ನ ಜೊತೆ ಒಂದು ಪ್ರತಿ ತರುತ್ತದೆ, ಪಾತ್‌ನಲ್ಲಿ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ) ಮುಂದೆ ಇರುವುದೇ ಓಡುತ್ತದೆ.

ಎಲ್ಲಾ ಸರಿಯಾದ ಮೇಲೂ ಕಂಟೇನರ್ (ಆಪ್ ಮತ್ತು ಅದಕ್ಕೆ ಬೇಕಾದ್ದೆಲ್ಲಾ ಇರುವ ಡಬ್ಬಿ) ಏಳದೇ ಇದ್ದರೆ ಲಾಗ್ ನೋಡಿ. ಎಕ್ಸೆಕ್ ಫಾರ್ಮ್ಯಾಟ್ ಎರರ್ ಇದ್ದರೆ, ಇಮೇಜನ್ನು (ಕಂಟೇನರಿನ ಅಚ್ಚನ್ನು) ಆಪಲ್ ಚಿಪ್ ಇರುವ ಮ್ಯಾಕ್‌ನಲ್ಲಿ ಬಿಲ್ಡ್ ಮಾಡಿ ಇಂಟೆಲ್ ಬಗೆಯ ನೋಡ್ (ಕ್ಲಸ್ಟರಿನ ಮಷೀನ್) ಮೇಲೆ ಓಡಿಸಲು ಹೊರಟಿರಬಹುದು. ಬಿಲ್ಡ್ ಮಾಡುವಾಗಲೇ ಪ್ಲಾಟ್‌ಫಾರ್ಮ್ ಅಂತ ಲಿನಕ್ಸ್, ಎಎಮ್‌ಡಿ64 (ಇಂಟೆಲ್ ಬಗೆಯ ಚಿಪ್‌ಗೂ ಇದೇ ಹೆಸರು) ಹೇಳಿ. ನಿನ್ನೆ ಆಗುತ್ತಿದ್ದ ಪುಶ್ (ಇಮೇಜ್ ಕಳಿಸುವುದು) ಇವತ್ತು ಎಡಬ್ಲ್ಯೂಎಸ್ ರಿಜಿಸ್ಟ್ರಿಯಲ್ಲಿ (ಇಮೇಜ್‌ಗಳನ್ನು ಇಡುವ ಜಾಗದಲ್ಲಿ) ಆಗದಿದ್ದರೆ ಅಲ್ಲಿನ ಡಾಕರ್ ಲಾಗಿನ್ ಮುಗಿದಿರುತ್ತದೆ, ಅದರ ಅವಧಿ 12 ಗಂಟೆ. ಮತ್ತೊಮ್ಮೆ ಲಾಗಿನ್ ಆಗಿ ಪುಶ್ ಮಾಡಿ.