ಫಾರಂ ಮಾಡುವ ಮುನ್ನ ರೈತರ ಕವರ್ ಬಿಚ್ಚಿ ನೋಡಿ

ಅರ್ಜಿ ಫಾರಂ ಅನ್ನು ಯಾರೂ ನೆನಪಿನಿಂದ ತುಂಬುವುದಿಲ್ಲ. ಕಾಗದ ನೋಡಿಕೊಂಡು ತುಂಬುತ್ತಾರೆ. ಕೋಲಾರ ಕಡೆಯ ಸಹಕಾರ ಸಂಘಗಳಿಗೆ, ಸಣ್ಣಪುಟ್ಟ ಕಚೇರಿಗಳಿಗೆ ಫಾರಂ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಬೆಳೆ ಸಾಲಕ್ಕೋ ಸಬ್ಸಿಡಿಗೋ ಬರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಅದರೊಳಗೆ ಆಧಾರ್, ಪಾಸ್‌ಬುಕ್, ಪಹಣಿ, ರೇಷನ್ ಕಾರ್ಡು, ಎರಡು ಫೋಟೊ. ಫಾರಂ ಕೇಳುವ ಮುಕ್ಕಾಲು ಪಾಲು ಉತ್ತರ ಆ ಕವರ್‌ನಲ್ಲೇ ಇದೆ. ಆದರೂ ತುಂಬುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ಹಳೆಯ ಸಾಲದ ಅರ್ಜಿಯೊಂದನ್ನು ತೆಗೆದು ಪ್ರಶ್ನೆಗಳ ಸಾಲನ್ನು ಓದಿ. ಮೊದಲು ಹೆಸರು: ಆಧಾರ್ ತೆಗೆಯಬೇಕು. ಆಮೇಲೆ ಸರ್ವೆ ನಂಬರ್: ಪಹಣಿ ಬೇಕು. ಮುಂದಿನದು ಖಾತೆ ಸಂಖ್ಯೆ. ಯಾವ ಖಾತೆ? ಪಹಣಿಯಲ್ಲೂ ಒಂದು ಖಾತೆ ಸಂಖ್ಯೆ ಇದೆ, ಪಾಸ್‌ಬುಕ್‌ನಲ್ಲೂ ಒಂದಿದೆ. ಅದರ ಕೆಳಗೆ ವಿಳಾಸ, ಮತ್ತೆ ಆಧಾರ್. ಅದರ ಕೆಳಗೆ ವಿಸ್ತೀರ್ಣ, ಮತ್ತೆ ಪಹಣಿ. ಬರೆಯುವವರು ಕಾಗದ ತೆಗೆಯುವುದು, ಒಳಗಿಡುವುದು, ಮತ್ತೆ ಹುಡುಕುವುದು ಇದರಲ್ಲೇ ಸುಸ್ತಾಗುತ್ತಾರೆ.

ಹಾಗಾಗಿ ನಾನು ಮೊದಲು ಮಾಡುವ ಕೆಲಸ ಪ್ರಶ್ನೆಗಳನ್ನು ಕಾಗದದ ಪ್ರಕಾರ ಗುಂಪು ಮಾಡುವುದು. ‘ಆಧಾರ್ ನೋಡಿ ಬರೆಯಿರಿ’ ಅಂತ ಒಂದು ಭಾಗ. ‘ಪಹಣಿ ನೋಡಿ ಬರೆಯಿರಿ’ ಅಂತ ಇನ್ನೊಂದು. ಪಾಸ್‌ಬುಕ್‌ನದು ಮೂರನೆಯದು. ಒಂದು ಕಾಗದವನ್ನು ಒಂದೇ ಸಲ ತೆಗೆದರೆ ಸಾಕು. ಖಾತೆ ಸಂಖ್ಯೆಯ ಗೊಂದಲವೂ ತಾನಾಗಿಯೇ ಹೋಗುತ್ತದೆ. ಭಾಗಗಳ ನಡುವೆ ಒಂದು ಬೆರಳಿನಷ್ಟು ಖಾಲಿ ಜಾಗ ಬಿಡುತ್ತೇನೆ. ಹತ್ತಿರ ಹತ್ತಿರ ಇರುವುದನ್ನು ನಮ್ಮ ಕಣ್ಣು ಒಂದೇ ಗುಂಪು ಅಂತ ಹಿಡಿಯುತ್ತದೆ. ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಟೈಮರ್ ಇದನ್ನು 1923ರಲ್ಲೇ ಬರೀ ಚುಕ್ಕಿ, ಗೆರೆಗಳಿಂದ ತೋರಿಸಿದ್ದರು. ಆ ಖಾಲಿ ಜಾಗವನ್ನು ದಂಡ ಅಂದುಕೊಂಡು ಅಲ್ಲೂ ಎರಡು ಪ್ರಶ್ನೆ ತುರುಕಿದರೆ ಗುಂಪು ಮಾಡಿದ್ದೇ ವ್ಯರ್ಥ.

ಹೀಗೆ ಗುಂಪು ಮಾಡಿದಾಗ ಇನ್ನೊಂದು ಲಾಭವಿದೆ. ಒಬ್ಬರ ಹೆಸರು ಆಧಾರ್‌ನಲ್ಲಿ ‘ಕೃಷ್ಣಪ್ಪ’, ಪಾಸ್‌ಬುಕ್‌ನಲ್ಲಿ ‘ಕೃಷ್ಣಪ್ಪ ವಿ’, ಪಹಣಿಯ 9ನೇ ಕಾಲಂನಲ್ಲಿ ‘ಕೃಷ್ಣಪ್ಪ ಬಿನ್ ವೆಂಕಟಪ್ಪ’ ಅಂತ ಇರುತ್ತದೆ. ಪ್ರತಿ ಭಾಗದಲ್ಲೂ ‘ಈ ಕಾಗದದಲ್ಲಿ ಇರುವ ಹಾಗೆ ಹೆಸರು’ ಎಂದು ಕೇಳಿದರೆ ವ್ಯತ್ಯಾಸ ಅರ್ಜಿ ಕೊಡುವ ದಿನವೇ ಕಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ಅರ್ಜಿ ಮೇಲಿನ ಕಚೇರಿಗೆ ಹೋಗಿ, ಅಲ್ಲಿ ಕೂತು, ‘ಹೆಸರು ತಾಳೆಯಾಗುತ್ತಿಲ್ಲ’ ಎಂದು ವಾಪಸ್ ಬರುತ್ತದೆ. ಅಷ್ಟರಲ್ಲಿ ಬಿತ್ತನೆ ಮುಗಿದಿರುತ್ತದೆ.

ಪಹಣಿ ಭಾಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ‘ವಿಸ್ತೀರ್ಣ (ಎಕರೆಯಲ್ಲಿ)’ ಎಂದು ಕೇಳಿ ಒಂದೇ ಖಾನೆ ಕೊಟ್ಟಿರುತ್ತಾರೆ. ರೈತರು 1.20 ಅಂತ ಬರೆಯುತ್ತಾರೆ. ಅವರ ಲೆಕ್ಕದಲ್ಲಿ ಅದು 1 ಎಕರೆ 20 ಗುಂಟೆ. ಪಹಣಿಯಲ್ಲೂ ಎಕರೆ, ಗುಂಟೆಗಳ ನಡುವೆ ಚುಕ್ಕಿ ಇಟ್ಟೇ ಬರೆದಿರುತ್ತದೆ. ಎಕರೆಗೆ 40 ಗುಂಟೆ, ಅಂದರೆ ಅವರಿಗಿರುವುದು ಒಂದೂವರೆ ಎಕರೆ. ಆದರೆ ಕಂಪ್ಯೂಟರ್ ಮುಂದೆ ಕೂತವರು ಅದನ್ನು ದಶಾಂಶ ಅಂತ ಓದಿದರೆ 1.2 ಎಕರೆ, ಅಂದರೆ 1 ಎಕರೆ 8 ಗುಂಟೆ. 12 ಗುಂಟೆ ಜಮೀನು ಲೆಕ್ಕದಿಂದಲೇ ಹೋಯಿತು. ಬೆಳೆ ಸಾಲ ಎಕರೆ ಲೆಕ್ಕದಲ್ಲಿ ಕೊಡುವುದರಿಂದ ಹಣವೂ ಕಡಿಮೆಯಾಯಿತು. ಇಲ್ಲಿ ರೈತರ ತಪ್ಪೂ ಇಲ್ಲ, ಗುಮಾಸ್ತರ ತಪ್ಪೂ ಇಲ್ಲ. ಎರಡು ಖಾನೆ ಮಾಡಿ, ಒಂದರ ಪಕ್ಕ ‘ಎಕರೆ’, ಇನ್ನೊಂದರ ಪಕ್ಕ ‘ಗುಂಟೆ’ ಎಂದು ಅಚ್ಚು ಹಾಕಿದರೆ ಮುಗಿಯಿತು. ಇಷ್ಟು ಸಣ್ಣ ಬದಲಾವಣೆಗೆ ಖರ್ಚೂ ಇಲ್ಲ. ಆದರೂ ಒಂದೇ ಖಾನೆಯ ಫಾರಂಗಳು ಇವತ್ತಿಗೂ ಓಡಾಡುತ್ತಿವೆ ಎನ್ನುವುದೇ ನನಗೆ ಸಂಕಟ.

ಜಮೀನು ಇನ್ನೂ ತೀರಿಹೋದ ತಂದೆಯ ಹೆಸರಲ್ಲೋ ತಾತನ ಹೆಸರಲ್ಲೋ ಇದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗುವವರೆಗೆ ಅರ್ಜಿ ಮುಂದೆ ಹೋಗುವುದು ಕಷ್ಟ. ಆ ಪ್ರಶ್ನೆಯನ್ನು ಎರಡನೇ ಪುಟದ ತಳದಲ್ಲಿ ಇಟ್ಟರೆ ಪೂರ್ತಿ ತುಂಬಿದ ಮೇಲೆ ಗೊತ್ತಾಗುತ್ತದೆ. ಅದನ್ನು ಮೊದಲ ಪುಟದ ತಲೆಯಲ್ಲೇ ಕೇಳಿ, ‘ಹಾಗಿದ್ದರೆ ತುಂಬುವುದನ್ನು ಇಲ್ಲಿಗೇ ನಿಲ್ಲಿಸಿ, ಕಾರ್ಯದರ್ಶಿಯವರನ್ನು ಕೇಳಿ’ ಎಂದು ಬರೆಯಬೇಕು.

ಇನ್ನು ಅಕ್ಷರಕ್ಕೊಂದು ಚೌಕ ಕೊಡುವ ಪದ್ಧತಿ. ಇಂಗ್ಲಿಷಿನ ದೊಡ್ಡ ಅಕ್ಷರಗಳಿಗೆ ಮಾಡಿದ್ದನ್ನು ಹಾಗೇ ಕನ್ನಡ ಫಾರಂಗೂ ತಂದಿದ್ದಾರೆ. ‘ಕೃಷ್ಣಪ್ಪ’ ಇಂಗ್ಲಿಷಿನಲ್ಲಿ 10 ಚೌಕ, ಕನ್ನಡದಲ್ಲಿ 3. ಆ ಮೂರರಲ್ಲೂ ಕೆಳಗೆ ವಟ್ರಸುಳಿ, ಣ ಒತ್ತು, ಪ ಒತ್ತು. ಅರ್ಧ ಸೆಂಟಿಮೀಟರ್ ಚೌಕದೊಳಗೆ ಅವು ಹೇಗೆ ಕೂರಬೇಕು? ಒತ್ತು ಕೆಳಗಿನ ಗೆರೆಗೆ ತಾಗಿ ಕಲಸಿಹೋಗುತ್ತದೆ. ಕನ್ನಡದ ಹೆಸರಿಗೆ ಉದ್ದನೆಯ ಒಂದು ಗೆರೆ, ಅದರ ಮೇಲೆ ಕೆಳಗೆ ಧಾರಾಳ ಜಾಗ ಕೊಡಿ. ಚೌಕ ಬೇಕಿರುವುದು ನಂಬರ್‌ಗಳಿಗೆ. ಆಧಾರ್‌ನ 12 ಅಂಕಿಗಳನ್ನು ಕಾರ್ಡಿನಲ್ಲಿರುವ ಹಾಗೆಯೇ ನಾಲ್ಕು ನಾಲ್ಕಾಗಿ ಒಡೆದು ಚೌಕ ಹಾಕಿ. ಐಎಫ್‌ಎಸ್‌ಸಿ ಕೋಡ್‌ಗೆ 11 ಚೌಕ. ಅದರಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಜನ ಅದನ್ನು ‘ಓ’ ಅಂತ ಬರೆದುಬಿಡುತ್ತಾರೆ. ಆ ಚೌಕದಲ್ಲಿ ಸೊನ್ನೆಯನ್ನು ನೀವೇ ಅಚ್ಚು ಹಾಕಿಬಿಡಿ.

‘ಹೌದು □ ಇಲ್ಲ □’ ಎನ್ನುವ ಸಾಲಿನಲ್ಲಿ ನಡುವಿನ ಚೌಕ ಯಾರದು? ಹೌದಿನದೋ ಇಲ್ಲದ್ದೋ? ಇದು ಸಣ್ಣ ವಿಷಯ ಅನ್ನಬೇಡಿ. 2000ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರು ಎಡಕ್ಕೂ ಬಲಕ್ಕೂ ಇದ್ದವು, ತೂತು ಮಾಡುವ ಜಾಗ ನಡುವೆ ಒಂದೇ ಸಾಲಿನಲ್ಲಿತ್ತು. ಎಡಗಡೆ ಎರಡನೇ ಹೆಸರು ಅಲ್ ಗೋರ್ ಅವರದು. ಆದರೆ ಎರಡನೇ ತೂತು ಬಲಗಡೆಯ ಪ್ಯಾಟ್ ಬುಕಾನನ್ ಅವರದು, ಗೋರ್ ಅವರದು ಮೂರನೆಯದು. ಎಷ್ಟೋ ಮತ ತಪ್ಪು ಹೆಸರಿಗೆ ಬಿತ್ತು. ಕೊನೆಗೆ ಫ್ಲಾರಿಡಾದಲ್ಲಿ ಗೋರ್ ಸೋತಿದ್ದು 537 ಮತಗಳಿಂದ. ಹೌದು ಒಂದು ಸಾಲಿನಲ್ಲಿರಲಿ, ಇಲ್ಲ ಅದರ ಕೆಳಗಿನ ಸಾಲಿನಲ್ಲಿರಲಿ. ಚೌಕ ಪದದ ಎಡಕ್ಕಿರಲಿ. ‘ಅನ್ವಯಿಸದ್ದನ್ನು ಹೊಡೆದು ಹಾಕಿ’ ಎನ್ನುವ ಸೂಚನೆಯನ್ನಂತೂ ತೆಗೆದೇಬಿಡಿ. ಕೆಲವರು ಬೇಡದ್ದಕ್ಕೆ ಗೀಟು ಹಾಕುತ್ತಾರೆ, ಕೆಲವರು ಬೇಕಾದ್ದಕ್ಕೆ.

ನಮ್ಮ ಕಡೆ ಫಾರಂ ತುಂಬುವ ಕೈ ಒಬ್ಬರದು, ಉತ್ತರ ಇನ್ನೊಬ್ಬರದು. ಪಿಯುಸಿ ಓದುವ ಮಗಳು ಬರೆಯುತ್ತಾಳೆ, ಅಮ್ಮ ಹೇಳುತ್ತಾರೆ.

‘ಅಮ್ಮಾ, ವಾರ್ಷಿಕ ಆದಾಯ ಎಷ್ಟು?’

‘ಯಾವುದೇ? ಡೇರಿದಾ, ಟೊಮೆಟೊದ್ದಾ? ನಿಮ್ಮಪ್ಪಂದೂ ಸೇರಿಸಬೇಕಾ?’

ಅಮ್ಮ ಕೇಳಿದ್ದು ಸರಿಯಾಗಿದೆ ಅಲ್ವಾ? ಉತ್ತರ ಫಾರಂನಲ್ಲಿ ಇರಬೇಕಿತ್ತು. ‘ಕಳೆದ ಒಂದು ವರ್ಷದಲ್ಲಿ ಮನೆಯವರೆಲ್ಲರ ಆದಾಯ: ಹಾಲಿನಿಂದ, ಬೆಳೆಯಿಂದ, ಕೂಲಿ ಅಥವಾ ಸಂಬಳದಿಂದ’ ಎಂದು ಮೂರು ಗೆರೆ ಕೊಟ್ಟರೆ ಮಗಳು ಓದುತ್ತಾಳೆ, ಅಮ್ಮ ಹೇಳುತ್ತಾರೆ. ಹಾಗಾಗಿ ನಾನು ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ ನೋಡುತ್ತೇನೆ. ಬಾಯಲ್ಲಿ ಕೇಳಲು ಬಾರದ ಪ್ರಶ್ನೆ ಕಾಗದದಲ್ಲೂ ಕೆಲಸ ಮಾಡುವುದಿಲ್ಲ.

ಅಚ್ಚಿನ ವಿಷಯ. ಕಚೇರಿಯವರು ತುಂಬುವ ಭಾಗಕ್ಕೆ ಬೂದು ಬಣ್ಣ ಕೊಡುವುದು ಕಂಪ್ಯೂಟರ್‌ನಲ್ಲಿ ಚೆಂದ ಕಾಣುತ್ತದೆ. ಆದರೆ ಫಾರಂ ಜನರ ಕೈಗೆ ಸಿಗುವುದು ಜೆರಾಕ್ಸ್ ಅಂಗಡಿಯಿಂದ, ಅದೂ ಜೆರಾಕ್ಸ್‌ನ ಜೆರಾಕ್ಸ್. ಆ ಬೂದು ಒಂದೋ ಮಾಯವಾಗಿರುತ್ತದೆ, ಇಲ್ಲಾ ಕಪ್ಪಗೆ ಮಸಿಯಾಗಿರುತ್ತದೆ. ಅದಕ್ಕೆ ದಪ್ಪ ಗೆರೆಯ ಚೌಕಟ್ಟು ಹಾಕಿ, ಹಿಂದಿನ ಪುಟಕ್ಕೆ ಕಳಿಸಿ. ಕನ್ನಡ ಅಕ್ಷರ 12 ಪಾಯಿಂಟ್‌ಗಿಂತ ಸಣ್ಣದು ಬೇಡ, ಒತ್ತುಗಳೆಲ್ಲ ಮುಚ್ಚಿಹೋಗುತ್ತವೆ. ಎಡಗಡೆ ಟ್ಯಾಗ್ ಹಾಕಲು ಜಾಗ ಬಿಡಿ.

ಸಾವಿರ ಪ್ರತಿ ಅಚ್ಚು ಹಾಕಿಸುವ ಮೊದಲು ಒಂದು ಪ್ರತಿಯನ್ನು ಜೆರಾಕ್ಸ್‌ನ ಜೆರಾಕ್ಸ್ ಆಗುವ ಹಾಗೆ ಮೂರು ಸಲ ಮಾಡಿಸಿ, ಸಂಘದ ಜಗಲಿಯಲ್ಲಿ ಕಾಯುತ್ತಿರುವ ನಾಲ್ಕೈದು ಜನರಿಗೆ ಕೊಟ್ಟು ತುಂಬಲು ಹೇಳಿ. ಪಕ್ಕದಲ್ಲಿ ಕೂತು ಸುಮ್ನೆ ನೋಡಿ, ಏನನ್ನೂ ವಿವರಿಸಬೇಡಿ. ಪೆನ್ನು ನಿಂತ ಜಾಗಗಳಿಗೆಲ್ಲ ಗುರುತು ಹಾಕಿಕೊಳ್ಳಿ. ಇಬ್ಬರ ಪೆನ್ನು ಒಂದೇ ಪ್ರಶ್ನೆಯಲ್ಲಿ ನಿಂತರೆ ಆ ಪ್ರಶ್ನೆಯನ್ನು ಬದಲಿಸಿಯೇ ಪ್ರೆಸ್‌ಗೆ ಕಳಿಸಿ.