ಬೀಜೋಕ್ತಿಯನ್ನು ‘ಬಿಡಿಸಲು’ ಹೋಗಬೇಡಿ

2025ರ ಆಗಸ್ಟ್‌ನಲ್ಲಿ ಬದಲಾದ ದರದಂತೆ ಬೆಂಗಳೂರಿನ ಆಟೊಗೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18 ರೂಪಾಯಿ. ಆ 2 ಕಿ.ಮೀ. ದಾಟಿ ಓಡಿದ ದೂರವನ್ನು ಯ ಎಂದು ಕರೆದರೆ ಬಾಡಿಗೆ 36 + 18ಯ. ಇದು ಬೀಜೋಕ್ತಿ. ಯ ಚರಾಕ್ಷರ, 18 ಅದರ ಸಹಗುಣಕ, 36 ಸ್ಥಿರಾಂಕ. ಯ 3 ಆದರೆ ಬೆಲೆ 90, 10 ಆದರೆ 216. ‘ಹಾಗಾದರೆ ಯ ಎಷ್ಟು?’ ಎಂದು ಬೀಜೋಕ್ತಿಯನ್ನು ಕೇಳಿ ಪ್ರಯೋಜನವಿಲ್ಲ.

ಇಳಿಯುವಾಗ ಮೀಟರು 126 ತೋರಿಸಿತು ಅನ್ನಿ. ಈಗ 36 + 18ಯ = 126. ಇದು ಸಮೀಕರಣ, ಯ 3 ಆದರೆ ಸುಳ್ಳು, 5 ಆದರೆ ನಿಜ. ಎರಡೂ ಕಡೆ 36 ಕಳೆದು 18ರಿಂದ ಭಾಗಿಸಿದರೆ ಆ 5 ಸಿಗುತ್ತದೆ. ಒಟ್ಟು 7 ಕಿ.ಮೀ. ಓಡಿದೆ.

ಸಮ ಚಿಹ್ನೆ ಇದ್ದರೆ ಸಮೀಕರಣ, ಇಲ್ಲದಿದ್ದರೆ ಬೀಜೋಕ್ತಿ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಗುರುತು ಹಿಡಿಯಲು ಅಷ್ಟು ಸಾಕು. ಆದರೆ ಆ ಚಿಹ್ನೆ ಅಚ್ಚಾದದ್ದೇ 1557ರಲ್ಲಿ, ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಅವರ ಪುಸ್ತಕದಲ್ಲಿ. ಅದಕ್ಕೆ 400 ವರ್ಷ ಮೊದಲೇ ಭಾಸ್ಕರಾಚಾರ್ಯರು ಸಮೀಕರಣ ಬಿಡಿಸುತ್ತಿದ್ದರು. ಸಮೀಕರಣದ ಎರಡು ಪಕ್ಷಗಳನ್ನು, ಅಂದರೆ ಎರಡು ಕಡೆಗಳನ್ನು, ಒಂದರ ಕೆಳಗೊಂದು ಬರೆಯುವುದು ಅವರ ಕ್ರಮ. ಗೊತ್ತಿಲ್ಲದ ರಾಶಿಗೆ ‘ಯಾವತ್ತಾವತ್’ ಎಂಬುದರ ಯಾ, ಬರಿಯ ಸಂಖ್ಯೆಗೆ ‘ರೂಪ’ದ ರೂ. ನಮ್ಮ ಆಟೊ ಲೆಕ್ಕ ಹೀಗಿರುತ್ತಿತ್ತು:

ಯಾ 18 ರೂ 36
ಯಾ 0 ರೂ 126

ನಿಜವಾದ ಎಡವಟ್ಟು ಆಗುವುದು ಬೇರೆ ಕಡೆ. ‘ಸುಲಭೀಕರಿಸಿ: ಯ/2 + ಯ/3’ ಎಂದು ಕೊಟ್ಟರೆ, ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 6 ಎಂದು ಕಂಡದ್ದೇ ತಡ, ಅದರಿಂದ ಗುಣಿಸಿ 3ಯ + 2ಯ, ಅಂದರೆ 5ಯ ಎಂದು ಬರೆದುಬಿಡುತ್ತಾರೆ. ಯ ಇದ್ದಲ್ಲಿ 6 ಇಟ್ಟು ನೋಡಿ. ಕೊಟ್ಟದ್ದರ ಬೆಲೆ 3 + 2 = 5; ಬರೆದ ಉತ್ತರದ ಬೆಲೆ 30. ಸರಿಯುತ್ತರ 5ಯ/6, ಛೇದ ಉಳಿಯಲೇಬೇಕು. ಅದೇ ಯ/2 + ಯ/3 = 5 ಎಂದಿದ್ದರೆ 6ರಿಂದ ಗುಣಿಸುವುದೇ ಸರಿ: ಬಲಗಡೆಯ 5 ಕೂಡ 30 ಆಗಿ, 5ಯ = 30, ಯ = 6. ಬೀಜೋಕ್ತಿಗೆ ಇನ್ನೊಂದು ಕಡೆಯೇ ಇಲ್ಲ. ಆರು ಪಟ್ಟು ಮಾಡಿದ್ದನ್ನು ಸರಿದೂಗಿಸುವವರು ಯಾರು?

ಬೀಜೋಕ್ತಿಯ ರೂಪ ಬದಲಿಸಬಹುದು, ಬೆಲೆ ಬದಲಿಸುವಂತಿಲ್ಲ. ಇಷ್ಟರಿಂದಲೇ ಬಹಳ ಲಾಭವಿದೆ. 36 + 18ಯ ಎಂಬುದನ್ನು 18(ಯ + 2) ಎಂದು ಬರೆಯಿರಿ. ಯ + 2 ಎಂದರೆ ಪ್ರಯಾಣದ ಒಟ್ಟು ದೂರ; ಕನಿಷ್ಠ ದರ ದಾಟಿದವರು ಒಟ್ಟು ಕಿಲೋಮೀಟರನ್ನು 18ರಿಂದ ಗುಣಿಸಿದರೆ ಮುಗಿಯಿತು. 36 + 18ಯ, 18(ಯ + 2) ಇವೆರಡರ ನಡುವೆ ಸಮ ಚಿಹ್ನೆ ಹಾಕಿದರೂ ಬಿಡಿಸಲು ಏನೂ ಇರದು, ಯ ಏನೇ ಆದರೂ ಅದು ನಿಜ. ಅದಕ್ಕೇ ನಿತ್ಯಸಮೀಕರಣ ಎಂಬ ಹೆಸರು.

ಅಪವರ್ತಿಸುವಾಗಲೂ, ಅಂದರೆ ಗುಣಾಕಾರದ ರೂಪಕ್ಕೆ ತರುವಾಗಲೂ, ಇದೇ ಕತೆ. ಯ² − 5ಯ + 6 ಎಂಬುದು (ಯ − 2)(ಯ − 3) ಆದೊಡನೆ ಪೆನ್ನು ಕೆಳಗಿಡಬೇಕು. ಯ = 2, ಯ = 3 ಎಂದು ಮುಂದುವರಿದರೆ ಅಂಕ ಹೋಗುತ್ತದೆ: ಅದು ಸೊನ್ನೆಗೆ ಸಮ ಎಂದು ಪ್ರಶ್ನೆಯಲ್ಲಿ ಎಲ್ಲೂ ಹೇಳಿಲ್ಲ.