ಭೂಸೇನೆಗೆ ದೋಣಿ ಯಾಕೆ ಬೇಕಾಯಿತು? – ಬೂನಾ, 1942

ಎರಡನೇ ಮಹಾಯುದ್ಧದ ಪೆಸಿಫಿಕ್ ಭಾಗ ಓದುವಾಗ ಅಮೆರಿಕ ಸೇನೆಯ 'ಸ್ಮಾಲ್ ಶಿಪ್ಸ್ ಸೆಕ್ಷನ್' ಹೆಸರು ಒಂದೆರಡು ಸಾಲಲ್ಲಿ ಬಂದು ಹೋಗುತ್ತದೆ. ಸೇನೆ ಅಂದರೆ ಇಲ್ಲಿ ಭೂಸೇನೆಯೇ. ಅಷ್ಟು ದೊಡ್ಡ ನೌಕಾಪಡೆ ಇರುವಾಗ ಭೂಸೇನೆ ಯಾಕೆ ದೋಣಿ ನಡೆಸಬೇಕು? ನನಗೆ ತಲೆಕೆಟ್ಟಿದ್ದು ಇಲ್ಲೇ. ಪರ್ಲ್ ಹಾರ್ಬರ್, ಕೊಕೊಡಾ (ನ್ಯೂಗಿನಿಯ ಬೆಟ್ಟದಾರಿಯ ಕಾಳಗ) ಎಲ್ಲ ಗೊತ್ತಿದೆ ಅಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ನಕ್ಷೆ

ಆಸ್ಟ್ರೇಲಿಯಾದ ಉತ್ತರಕ್ಕಿರುವ ದೊಡ್ಡ ದ್ವೀಪ ನ್ಯೂಗಿನಿ. ಅದರ ಬಾಲದ (ಆಗ್ನೇಯ) ತುದಿಯಲ್ಲಿ ಮಿಲ್ನ್ ಬೇ. ಅಲ್ಲಿಂದ ಕರಾವಳಿ ಹಿಡಿದು ವಾಯವ್ಯಕ್ಕೆ ಹೋದರೆ ವಾನಿಗೆಲಾ, ಪೋರ್ಲಾಕ್ ಹಾರ್ಬರ್, ಪೊಂಗಾನಿ, ಓರೊ ಬೇ, ಕೊನೆಗೆ ಬೂನಾ. ನಾನು ನೆನಪಿಟ್ಟುಕೊಂಡಿದ್ದು 'ಮಿ ವಾ ಪೋ ಪೊಂ ಓ ಬೂ' ಅಂತ. ಸುಮ್ನೆ ಮಂತ್ರದ ಥರ ಹೇಳಿಕೊಳ್ಳಿ. ಯಾವ ಘಟನೆ ಎಲ್ಲಿ ನಡೆಯಿತು ಅಂತ ಕೇಳಿದರೂ ಮೊದಲು ಈ ಆರು ಅಕ್ಷರ ಬರೆದು, ಅದರ ಮೇಲೆ ತಾರೀಕು ಕೂರಿಸಿ. ವಾಕ್ಯಗಳು ತಾವಾಗೇ ಬರುತ್ತವೆ. ಮಿಲ್ನ್ ಬೇಯಿಂದ ಬೂನಾಕ್ಕೆ ನೇರ ಗೆರೆ ಎಳೆದರೂ ಸುಮಾರು 300 ಕಿ.ಮೀ.

ಭೂಸೇನೆಯೇ ಯಾಕೆ?

ಇದನ್ನು ನಿಧಾನವಾಗಿ ನೋಡೋಣ. ಬೂನಾದಲ್ಲಿ ಜಪಾನೀಯರು ಬೇರೂರಿದ್ದರು. ಅವರನ್ನು ಹೊರಹಾಕಲು ಅಮೆರಿಕದ 32ನೇ ಡಿವಿಷನ್ ಹೋಗಬೇಕು. ಸೈನಿಕರು ಹೇಗೋ ತಲುಪಬಹುದು. ಅವರ ಹಿಂದೆ ಅಕ್ಕಿ, ಡಬ್ಬಿ ಊಟ, ಮದ್ದುಗುಂಡು ದಿನಾ ಹೋಗಬೇಕಲ್ವಾ?

ದಕ್ಷಿಣ ಕರಾವಳಿಯ ನೆಲೆ ಪೋರ್ಟ್ ಮೋರ್ಸ್‌ಬಿಯಿಂದ ರಸ್ತೆ ಇಲ್ಲ. ನಡುವೆ ಓವೆನ್ ಸ್ಟಾನ್ಲಿ ಬೆಟ್ಟಸಾಲು, ಅದರ ಮೇಲೆ ಕಾಲುದಾರಿ ಮಾತ್ರ. ವಿಮಾನ ಇತ್ತು. 1942ರ ಅಕ್ಟೋಬರ್‌ನಲ್ಲಿ ವಾನಿಗೆಲಾದ ಹುಲ್ಲುಗಾವಲಲ್ಲಿ ಹುಲ್ಲು ಸವರಿ ಪಡೆಗಳನ್ನು ಇಳಿಸಿದರು. ಅಲ್ಲಿಂದ ಪೊಂಗಾನಿಗೆ ನಡೆದು ಹೋಗುವುದು ಲೆಕ್ಕಾಚಾರ. ಆದರೆ ಮೂಸಾ ನದಿ ಉಕ್ಕಿ ಹರಿಯುತ್ತಿತ್ತು. ಹೆಚ್ಚಿನವರು ದೋಣಿ ಹತ್ತಲೇಬೇಕಾಯಿತು.

ಹಾಗಾದರೆ ನೌಕಾಪಡೆಯ ಹಡಗು? ಆ ಕರಾವಳಿಯ ತುಂಬ ಹವಳದ ದಿಬ್ಬಗಳು. ಇದ್ದ ನಕ್ಷೆಗಳು ಹಳೆಯವು, ಅರೆಬರೆ. ಮೇಲಿಂದ ಬಾಂಬ್ ಬಿದ್ದರೆ ದೊಡ್ಡ ಹಡಗಿಗೆ ಅತ್ತಿತ್ತ ತಿರುಗಿ ತಪ್ಪಿಸಿಕೊಳ್ಳಲು ಆಳದ ನೀರು ಬೇಕು, ಅದೂ ಇಲ್ಲ. ದೊಡ್ಡ ಹಡಗುಗಳನ್ನು ಅಲ್ಲಿಗೆ ಕಳಿಸಲು ನೌಕಾಪಡೆ ಹಿಂದೇಟು ಹಾಕಿತು. ಅಂಥ ನೀರಲ್ಲಿ ಓಡಾಡಬಲ್ಲದ್ದು ಲಗ್ಗರ್, ಮೀನಿನ ಟ್ರಾಲರ್ ಮುಂತಾದ ಸಣ್ಣ ಮರದ ದೋಣಿ ಮಾತ್ರ. ಅವು ನೀರಿನೊಳಗೆ ಜಾಸ್ತಿ ಇಳಿಯುವುದಿಲ್ಲ. ಭೂಸೇನೆ ಇಂಥವನ್ನು ಆಸ್ಟ್ರೇಲಿಯಾದಲ್ಲಿ ಆಗಲೇ ಒಟ್ಟುಮಾಡಿಕೊಂಡಿತ್ತು. ಹಸಿದವರು ಅವರದೇ ಸೈನಿಕರು, ದೋಣಿಯೂ ಅವರದೇ ಆಯಿತು.

ಇಳಿಸುವುದು ಇನ್ನೊಂದು ಪಾಡು. ಹಡಗುಕಟ್ಟೆ ಇಲ್ಲ, ಕ್ರೇನ್ ಇಲ್ಲ. ರಾತ್ರಿ ಲಗ್ಗರ್ ತೀರದಿಂದ ಸ್ವಲ್ಪ ದೂರದಲ್ಲಿ ಲಂಗರು ಹಾಕುತ್ತದೆ. ಪೆಟ್ಟಿಗೆಗಳನ್ನು ಪುಟ್ಟ ದೋಣಿಗೆ, ಊರಿನ ಪಾಪುವನ್ನರ ಮರದ ದೋಣಿಗೆ ಇಳಿಸುತ್ತಾರೆ. ಅಲೆಯಲ್ಲಿ ನಿಂತವರು ಅವನ್ನು ಹೊತ್ತು ದಡಕ್ಕೆ ತರುತ್ತಾರೆ. ಬೆಳಕು ಹರಿಯುವ ಮೊದಲು ಕೆಲಸ ಮುಗಿಯಬೇಕು.

ನಡೆಸಿದವರು

ಈ ಸಣ್ಣ ದೋಣಿಗಳ ಕೆಲಸ ಮುನ್ನಡೆಸಿದವರು ಶೆರಿಡನ್ ಮತ್ತು ಬ್ರೂಸ್ ಫಾನ್‌ಸ್ಟಾಕ್ ಅಣ್ಣತಮ್ಮಂದಿರು. ಯುದ್ಧಕ್ಕೂ ಮುಂಚೆ ದಕ್ಷಿಣ ಸಮುದ್ರಗಳಲ್ಲಿ ಹಾಯಿಹಡಗಲ್ಲಿ ಸುತ್ತಿದವರು. ಅವರ ಎರಡನೇ ಹಡಗು 1940ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಬಳಿ ಮುಳುಗಿತ್ತು. ದೋಣಿಯ ಸಿಬ್ಬಂದಿಯಲ್ಲಿ ಬಹುಪಾಲು ಆಸ್ಟ್ರೇಲಿಯಾದ ಸಾಮಾನ್ಯ ಜನ, ಒಪ್ಪಂದದ ಮೇಲೆ ಬಂದವರು. ಸೇನೆಗೆ ಸೇರಲು ವಯಸ್ಸು ಸಾಲದ ಹುಡುಗರು, ವಯಸ್ಸು ಮೀರಿದ ಅಜ್ಜಂದಿರು, ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹರಾದವರು.

1942ರ ಅಕ್ಟೋಬರ್ 18ರಂದು ಪೊಂಗಾನಿ ಬಳಿ ಅಮೆರಿಕದ್ದೇ ಒಂದು ಬಿ-25 ವಿಮಾನ ಇವರ ದೋಣಿಯನ್ನು ಶತ್ರುವಿನದು ಅಂದುಕೊಂಡು ಬಾಂಬ್ ಹಾಕಿತು. ಬ್ರೂಸ್ ಸತ್ತರು. ನ್ಯೂಯಾರ್ಕ್ ಟೈಮ್ಸ್ ವರದಿಗಾರ ಬೈರನ್ ಡಾರ್ನ್‌ಟನ್ ಕೂಡ.

ನವೆಂಬರ್ 16

ಈ ತಾರೀಕು ಮರೆಯಬೇಡಿ. ಮೂರು ಲಗ್ಗರ್ (ಅಲಾಕ್ರಿಟಿ, ಮಿನ್ನಮುರ್ರಾ, ಬಾನ್ವಿನ್), ಜೊತೆಗೆ ಜಪಾನೀಯರಿಂದ ಕಸಿದುಕೊಂಡ ಒಂದು ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ). ಅದರಲ್ಲಿ ಎರಡು 25-ಪೌಂಡರ್ ಫಿರಂಗಿ. ಇವು ಕತ್ತಲಾಗುವ ಹೊತ್ತಿಗೆ ಓರೊ ಬೇಗೂ ಬೂನಾಕ್ಕೂ ನಡುವಿನ ಕೇಪ್ ಸುಡೆಸ್ಟ್ ಬಳಿ ಇದ್ದವು. ಕಾವಲಿಗಿದ್ದ ವಿಮಾನಗಳು ಕತ್ತಲಲ್ಲಿ ಇಳಿಯಲಾಗದು ಎಂದು ಆಗಷ್ಟೇ ಮೋರ್ಸ್‌ಬಿಗೆ ಹಿಂತಿರುಗಿದ್ದವು. ಆ ಸಂದಿಯಲ್ಲೇ ಜಪಾನಿನ ಜೀರೋ ಯುದ್ಧವಿಮಾನಗಳು ಬಂದವು. ನಾಲ್ಕೂ ದೋಣಿ ನಾಶವಾದವು. ಡಿವಿಷನ್ ಮುಖ್ಯಸ್ಥ ಮೇಜರ್ ಜನರಲ್ ಹಾರ್ಡಿಂಗ್ ಈಜಿ ದಡ ಸೇರಿದರು. ಮರುದಿನ ಇನ್ನೆರಡು ಲಗ್ಗರ್‌ಗಳಿಗೂ ಪೆಟ್ಟು ಬಿತ್ತು.

19ರಂದು ದಾಳಿ ಶುರುವಾದಾಗ ಸೈನಿಕರ ಹತ್ತಿರ ಊಟವೂ ಕಡಿಮೆ, ಗುಂಡೂ ಕಡಿಮೆ, ಫಿರಂಗಿಯಂತೂ ಬೆರಳೆಣಿಕೆ. ದಾಳಿ ನಿಂತಲ್ಲೇ ನಿಂತಿತು. ಡಿಸೆಂಬರ್ ಮೊದಲ ವಾರದಲ್ಲಿ ಹಾರ್ಡಿಂಗ್ ಅವರನ್ನು ತೆಗೆದು ಲೆಫ್ಟಿನೆಂಟ್ ಜನರಲ್ ಐಕೆಲ್‌ಬರ್ಗರ್ ಅವರಿಗೆ ಹೊಣೆ ಕೊಟ್ಟರು. ಹಾರ್ಡಿಂಗ್ ನಿಧಾನ ಮಾಡಿದರು ಎಂಬ ದೂರು ಓದುವಾಗ ಮುಳುಗಿದ ದೋಣಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ

ಡಿಸೆಂಬರ್‌ನಲ್ಲಿ ಆಪರೇಷನ್ ಲಿಲಿಪುಟ್, ಅಂದರೆ ಓರೊ ಬೇಗೆ ಹಡಗಲ್ಲಿ ಸರಕು ಸಾಗಿಸುವ ಯೋಜನೆ. ಸಮೀಕ್ಷೆ ಮಾಡಿ ದಾರಿ ಗೊತ್ತಾದ ಮೇಲೆ ದೊಡ್ಡ ಹಡಗು ಬಂದವು. ಡಚ್ ಹಡಗು ಕಾರ್ಸಿಕ್ 11-12ರ ರಾತ್ರಿ ಓರೊ ಬೇಗೆ ನಾಲ್ಕು ಸ್ಟುವರ್ಟ್ ಟ್ಯಾಂಕ್ ತಂದಿತು. ಅಲ್ಲಿಂದ ಮುಂದೆ ಬಾರ್ಜ್ ಮೇಲೆ ಹೇರಿ ರಾತ್ರಿ ಎಳೆದುಕೊಂಡು ಹೋದರು. 18ಕ್ಕೆ ಬೂನಾ ಪಕ್ಕದ ಕೇಪ್ ಎಂಡೈಯಾಡೆರೆ ಮೇಲೆ ದಾಳಿ. 1943ರ ಜನವರಿ 2ಕ್ಕೆ ಬೂನಾ ಬಿತ್ತು.

ಇನ್ನೊಂದು ಹೆಸರು ಇದರ ಜೊತೆ ಕಲಸಿಹೋಗುತ್ತದೆ: 2ನೇ ಎಂಜಿನಿಯರ್ ಸ್ಪೆಷಲ್ ಬ್ರಿಗೇಡ್. ಅದೂ ಭೂಸೇನೆಯದೇ, ಆದರೆ ದಡಕ್ಕೆ ನುಗ್ಗುವ ಲ್ಯಾಂಡಿಂಗ್ ಕ್ರಾಫ್ಟ್ ನಡೆಸುವವರು. ಅವರ ಹೆಸರು ಬರುವುದು 1943ರ ಜೂನ್ 30ರ ನಸ್ಸೌ ಬೇ ಇಳಿಕೆಯಲ್ಲಿ. ಬೂನಾ ಬಗ್ಗೆ ಉತ್ತರ ಬರೆಯುವಾಗ ಇವರನ್ನು ತರಬೇಡಿ.